ಪೌರನೀತಿ ಪಾಠ ಹೇಳುವುದು ಯಾಕಿಷ್ಟು ಕಷ್ಟ? ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುವ ಮೇಷ್ಟ್ರು, ಮೇಡಂಗಳು ತರಬೇತಿಯ ಚಹಾ ವಿರಾಮದಲ್ಲಿ ಕೇಳುವ ಪ್ರಶ್ನೆಗಳಿವು. ಕೆಲವನ್ನು ಪೋಷಕರು ಸಭೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳುತ್ತಾರೆ. ರಾಜ್ಯ ಪಠ್ಯಕ್ರಮದ ಕನ್ನಡ ಮಾಧ್ಯಮ ಶಾಲೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರಿಸಿದ್ದೇನೆ. ಉಳಿದವರು ತಮಗೆ ಹೊಂದುವಷ್ಟನ್ನು ತೆಗೆದುಕೊಳ್ಳಬಹುದು.

ಪೌರನೀತಿ ಎಂಬ ವಿಷಯವೇ ಈಗ ಇಲ್ಲವಲ್ಲ?

ಹೆಸರು ಹೋಗಿದೆ, ಪಾಠ ಉಳಿದಿದೆ. ನಮ್ಮ ಹಿರಿಯರು ಪೌರನೀತಿ ಎಂದು ಓದಿದ್ದು ಈಗ ಸಮಾಜ ವಿಜ್ಞಾನ ಪುಸ್ತಕದೊಳಗೆ ರಾಜ್ಯಶಾಸ್ತ್ರ ಎಂಬ ಭಾಗವಾಗಿ ಕೂತಿದೆ. ಎಂಟರಿಂದ ಹತ್ತನೇ ತರಗತಿವರೆಗೆ ಇತಿಹಾಸ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲವೂ ಒಂದೇ ವಿಷಯ, ಒಬ್ಬರೇ ಶಿಕ್ಷಕರು. ಇತಿಹಾಸದಲ್ಲಿ ಬಿ.ಎ. ಮಾಡಿದವರು ರಾಜ್ಯಸಭೆಯ ಪಾಠವನ್ನು ಎರಡು ಪೀರಿಯಡ್‌ನಲ್ಲಿ ಮುಗಿಸಿ ಟಿಪ್ಪು ಸುಲ್ತಾನನ ಕಡೆ ಓಡುವುದು ಸಹಜವೇ.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಪೌರನೀತಿಯನ್ನು ಬಿಟ್ಟು ರಾಜ್ಯಶಾಸ್ತ್ರ ಮಾಡಿ ಎಂದಾಗ ಕಾರಣವನ್ನೂ ಹೇಳಿತ್ತು. ಭಾರತೀಯರಲ್ಲಿ ರಾಜನಿಷ್ಠೆ ಸಡಿಲವಾಗುತ್ತಿದೆ ಎಂಬ ಆತಂಕದ ಹಿನ್ನೆಲೆಯಲ್ಲಿ ಬ್ರಿಟಿಷರ ಕಾಲದಲ್ಲಿ ಈ ವಿಷಯ ಶಾಲೆಯೊಳಗೆ ಬಂತು ಎನ್ನುವುದು ಅದರ ಮಾತು. ವಿಧೇಯತೆಯ ಆ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ. ಉತ್ತಮ ಪೌರನ ಲಕ್ಷಣ ಬರೆಯಿರಿ ಎಂದರೆ ಮಕ್ಕಳು ತೆರಿಗೆ ಕಟ್ಟುವುದು, ಕಾನೂನು ಪಾಲಿಸುವುದು, ಹಿರಿಯರ ಮಾತು ಕೇಳುವುದು ಎಂದು ಬರೆಯುತ್ತಾರೆ. 'ಪ್ರಶ್ನೆ ಕೇಳುವುದು' ಎಂದು ಬರೆದ ಉತ್ತರ ಪತ್ರಿಕೆ ಬಲು ಅಪರೂಪ.

ಮಕ್ಕಳಿಗೆ ಈ ಪಾಠ ಯಾಕೆ ಬೇಸರ?

ಹತ್ತನೇ ತರಗತಿಯಲ್ಲಿ ಸಮಾಜ ವಿಜ್ಞಾನಕ್ಕೆ 80 ಅಂಕದ ಲಿಖಿತ ಪರೀಕ್ಷೆ, 20 ಅಂಕ ಆಂತರಿಕ ಮೌಲ್ಯಮಾಪನ. ಶಿಕ್ಷಕರ ಕಣ್ಣು ಪ್ರಶ್ನೆಪತ್ರಿಕೆಯ ನೀಲನಕ್ಷೆಯ ಮೇಲೆ, ಮಕ್ಕಳ ಕಣ್ಣು ಪಾಸಾಗಲು ಬೇಕಾದಷ್ಟೇ ಪ್ರಶ್ನೋತ್ತರವಿರುವ ಪಾಸಿಂಗ್ ಪ್ಯಾಕೇಜ್ ಮೇಲೆ. ಅಲ್ಲಿ ರಾಜ್ಯಶಾಸ್ತ್ರವೆಂದರೆ ಪಟ್ಟಿ: ವಿದೇಶಾಂಗ ನೀತಿಯ ಮೂಲತತ್ವಗಳು, ವಿಶ್ವಸಂಸ್ಥೆಯ ಅಂಗಗಳು, ಭಯೋತ್ಪಾದನೆಯ ಪರಿಣಾಮಗಳು.

ಪಾಠಗಳ ಕ್ರಮವೂ ನನಗೆ ಸರಿ ಕಾಣುವುದಿಲ್ಲ. ನಾನು ಪಾಠ ಹೇಳಿದ ಪುಸ್ತಕಗಳಲ್ಲಿ ಸ್ಥಳೀಯ ಸರ್ಕಾರ ಎಂಟನೆಯದರಲ್ಲಿ, ಸಂವಿಧಾನ, ಸಂಸತ್ತು, ನ್ಯಾಯಾಂಗ ಒಂಬತ್ತನೆಯದರಲ್ಲಿ ಬರುತ್ತಿದ್ದವು. ಹತ್ತನೆಯದರ ಬಹುಪಾಲು ವಿದೇಶಾಂಗ ವ್ಯವಹಾರ. ಇನ್ನೆರಡು ಮೂರು ವರ್ಷಕ್ಕೆ ಮತ ಹಾಕುವ ಹುಡುಗಿಯ ಕೈಯಲ್ಲಿ ಕೊನೆಗೆ ಉಳಿಯುವುದು ಭದ್ರತಾ ಮಂಡಳಿಯ ಕಾಯಂ ಸದಸ್ಯ ದೇಶಗಳ ಹೆಸರು. ತನ್ನೂರಿನ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಯಾರು, ಆತ ಏನು ಮಾಡಬೇಕು ಎನ್ನುವುದು ಆ ಹೊತ್ತಿಗೆ ಮರೆತಿರುತ್ತದೆ.

ಪುಸ್ತಕದಲ್ಲಿ ಇರುವುದೇ ಒಂದು, ಊರಲ್ಲಿ ನಡೆಯುವುದೇ ಇನ್ನೊಂದು. ಮಗು ಕೇಳಿದರೆ ಏನು ಹೇಳಲಿ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಈ ವಿಷಯದ ನಿಜವಾದ ಕಷ್ಟವೂ ಇದೇ. ಬೇರೆ ವಿಷಯದಲ್ಲಿ ಹೀಗಾಗುವುದಿಲ್ಲ. ಊರಾಚೆಯ ತ್ರಿಕೋನದ ಕೋನಗಳ ಮೊತ್ತವೂ 180 ಡಿಗ್ರಿಯೇ. ರಾಜ್ಯಶಾಸ್ತ್ರದ ಶಿಕ್ಷಕ ಬೋರ್ಡಿನ ಮೇಲೆ ಬರೆದ ವಾಕ್ಯವನ್ನು ಶಾಲೆಯ ಗೇಟು ದಾಟಿದೊಡನೆ ಊರು ಸುಳ್ಳು ಮಾಡಬಹುದು.

ಒಂದು ಉದಾಹರಣೆ. ಪಂಚಾಯಿತಿಗಳಿಗೆ ಐದು ವರ್ಷಕ್ಕೊಮ್ಮೆ ಚುನಾವಣೆ ಎಂದು ಪಾಠ ಹೇಳುತ್ತೇವೆ. ಸಂವಿಧಾನದ 73ನೇ ತಿದ್ದುಪಡಿಯಿಂದ ಬಂದ 243ಇ ವಿಧಿಯೂ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ ಎನ್ನುತ್ತದೆ. ಕರ್ನಾಟಕದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆಯಿತು, 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಬೆಂಗಳೂರಿನ ಮಕ್ಕಳ ಕಥೆಯೂ ಅಷ್ಟೇ: ಬಿಬಿಎಂಪಿ ಕೌನ್ಸಿಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ಅಲ್ಲಿ ಕಾರ್ಪೊರೇಟರ್ ಎಂಬುವರೇ ಇಲ್ಲದೆ ವರ್ಷಗಳು ಉರುಳಿದವು. ಆರನೇ ತರಗತಿಯಿಂದ ಹತ್ತರವರೆಗೆ ಓದಿದ ಮಗು ತನ್ನ ವಾರ್ಡಿನ ಸದಸ್ಯರನ್ನು ನೋಡದೆಯೇ ಸ್ಥಳೀಯ ಸ್ವಯಂ ಆಡಳಿತಕ್ಕೆ ಐದಂಕ ತೆಗೆದುಕೊಂಡಿತು.

ಇಲ್ಲಿ ಶಿಕ್ಷಕರು ಎರಡು ದಾರಿ ಹಿಡಿಯುತ್ತಾರೆ. 'ಅದೆಲ್ಲ ರಾಜಕೀಯ, ನೀನು ಉತ್ತರ ಕಲಿ' ಎನ್ನುವುದು ಒಂದು. 'ನಮ್ಮ ದೇಶವೇ ಹೀಗೆ ಬಿಡು' ಎನ್ನುವುದು ಇನ್ನೊಂದು. ಎರಡನೆಯದು ಧೈರ್ಯದ ಹಾಗೆ ಕಂಡರೂ ಹೆಚ್ಚು ಅಪಾಯ, ಏಕೆಂದರೆ ಹದಿನಾಲ್ಕನೇ ವಯಸ್ಸಿಗೇ ಮಗು ಸಿನಿಕನಾಗುತ್ತದೆ. ಅಂತರವನ್ನೇ ಪಾಠ ಮಾಡಿ. ವಿಧಿ ಏನು ಹೇಳುತ್ತದೆ, ಚುನಾವಣೆ ಯಾಕೆ ತಡವಾಯಿತು, ಕ್ಷೇತ್ರ ಪುನರ್ವಿಂಗಡಣೆ ಮತ್ತು ಮೀಸಲಾತಿ ಪಟ್ಟಿ ಮಾಡುವವರು ಯಾರು, ರಾಜ್ಯ ಚುನಾವಣಾ ಆಯೋಗದ ಕೆಲಸವೇನು, ಜನ ಯಾವ ಕೋರ್ಟಿಗೆ ಹೋಗಬಹುದು ಎಂದು ಒಂದೊಂದಾಗಿ ಬೋರ್ಡಿನ ಮೇಲೆ ಬಿಡಿಸಿ. ಮೂರು ಪೀರಿಯಡ್ ಹಿಡಿಯುತ್ತದೆ, ಆದರೆ ಕಾರ್ಯಾಂಗ, ನ್ಯಾಯಾಂಗ, ಆಯೋಗ ಮೂರೂ ಒಟ್ಟಿಗೆ ಮುಗಿಯುತ್ತವೆ.

ಗ್ರಾಮ ಪಂಚಾಯಿತಿ ಸದಸ್ಯೆಯನ್ನು ಶಾಲೆಗೆ ಕರೆದರೆ ಗಂಡ ಬರುತ್ತಾರೆ. ಏನು ಮಾಡುವುದು?

ನಗಬೇಡಿ, ಇದು ನಿಜವಾಗಿಯೂ ಕೇಳುವ ಪ್ರಶ್ನೆ. ನಮ್ಮ ರಾಜ್ಯದಲ್ಲಿ ಮಹಿಳಾ ಮೀಸಲಾತಿ 73ನೇ ತಿದ್ದುಪಡಿಗಿಂತ ಹಳೆಯದು: 1987ರ ಮಂಡಲ ಪಂಚಾಯಿತಿ ಚುನಾವಣೆಯಲ್ಲೇ ಶೇ 25 ಇತ್ತು, 2010ರಿಂದ ಶೇ 50. ಆದರೂ ಹಲವೆಡೆ ಸಭೆಗೆ ಸಹಿ ಅವರದು, ಮಾತು ಯಜಮಾನರದು. ಆಹ್ವಾನದ ಕಾಗದದ ಮೇಲೆ ಸದಸ್ಯೆಯ ಹೆಸರನ್ನೇ ಬರೆದು, ಹೆಣ್ಣುಮಕ್ಕಳ ಕೈಲೇ ಕಳಿಸಿ, ಅವರ ಕೈಗೇ ಕೊಡಿಸಿ. ಗಂಡನೂ ಬಂದರೆ ಗೌರವದಿಂದ ಸಿಬ್ಬಂದಿ ಕೋಣೆಯಲ್ಲಿ ಕೂರಿಸಿ ಕಾಫಿ ಕೊಡಿ. ತರಗತಿಯಲ್ಲಿ ಮಕ್ಕಳು ಮೊದಲೇ ಬರೆದಿಟ್ಟುಕೊಂಡ ಪ್ರಶ್ನೆಗಳು ದೊಡ್ಡವಾಗಿರುವುದು ಬೇಡ. ನಿಮ್ಮ ವಾರ್ಡಿನ ನೀರಿನ ಟ್ಯಾಂಕ್ ತೊಳೆಯುವವರು ಯಾರು, ಉದ್ಯೋಗ ಖಾತ್ರಿ ಕೆಲಸ ಯಾರಿಗೆ ಎಂದು ಹೇಗೆ ತೀರ್ಮಾನಿಸುತ್ತೀರಿ ಎಂಬಂಥವು ಸಾಕು. ಇಂಥ ಪ್ರಶ್ನೆಗೆ ಅವರು ಮಾತಾಡುತ್ತಾರೆ. ನೀರಿನ ವಿಷಯ ಗಂಡನಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಶಾಲಾ ಸಂಸತ್ತಿನ ಚುನಾವಣೆ ಮಾಡುತ್ತೇವಲ್ಲ, ಅಷ್ಟು ಸಾಲದೇ?

ಚುನಾವಣೆಯ ದಿನ ಚೆನ್ನಾಗಿಯೇ ನಡೆಯುತ್ತದೆ. ನಾಮಪತ್ರ, ಚಿಹ್ನೆ, ಪ್ರಚಾರ, ಬೆರಳಿಗೆ ಶಾಯಿ, ಮೊಬೈಲ್ ಆ್ಯಪಿನಲ್ಲಿ ಮತಯಂತ್ರ, ಮರುದಿನ ಪ್ರಮಾಣವಚನ, ಫೋಟೊ. ಮಕ್ಕಳು ಮತಗಟ್ಟೆ ಅಧಿಕಾರಿಯ ಪಾತ್ರ ಮಾಡುವಷ್ಟು ಶಿಸ್ತಿನಿಂದ ನಾವೂ ಮಾಡುವುದಿಲ್ಲ.

ತೊಂದರೆ ಆಮೇಲಿನದು. ಸ್ವಚ್ಛತಾ ಮಂತ್ರಿಗೆ ಪೊರಕೆ ಕೊಡುತ್ತೇವೆ, ನೀರಾವರಿ ಮಂತ್ರಿಗೆ ಗಿಡಕ್ಕೆ ನೀರು ಹಾಕುವ ಕೆಲಸ, ಆಹಾರ ಮಂತ್ರಿ ಬಿಸಿಯೂಟದ ಸಾಲು ಕಾಯಬೇಕು. ಮುಖ್ಯಮಂತ್ರಿ ಎಂದರೆ ಪ್ರಾರ್ಥನೆಯಲ್ಲಿ 'ಸಾವಧಾನ್' ಹೇಳುವವನು. ಗೆದ್ದವರಿಗೆ ಬ್ಯಾಡ್ಜ್ ಸಿಗುತ್ತದೆ, ಅಧಿಕಾರ ಸಿಗುವುದಿಲ್ಲ. ವಿರೋಧ ಪಕ್ಷ ಎಂಬುದು ಬಹುತೇಕ ಶಾಲೆಗಳಲ್ಲಿ ಹೆಸರಿಗೂ ಇಲ್ಲ. ಮತ ಹಾಕಿ ಮನೆಗೆ ಹೋದರೆ ಮುಗಿಯಿತು ಎಂಬ ಪಾಠವನ್ನು ನಾವೇ ಕಲಿಸುತ್ತಿದ್ದೇವೆ.

ದೊಡ್ಡದೇನೂ ಮಾಡಬೇಕಿಲ್ಲ. ಒಂದೇ ಒಂದು ನಿಜವಾದ ತೀರ್ಮಾನವನ್ನು ಮಕ್ಕಳಿಗೆ ಬಿಟ್ಟುಕೊಡಿ: ಈ ವರ್ಷದ ಕ್ರೀಡಾ ಸಾಮಗ್ರಿಯಲ್ಲಿ ಏನು ಕೊಳ್ಳುವುದು, ಗ್ರಂಥಾಲಯದ ಬೀರು ಯಾವ ಹೊತ್ತಿಗೆ ತೆರೆಯುವುದು, ಹೆಣ್ಣುಮಕ್ಕಳಿಗೆ ಆಟದ ಮೈದಾನ ಯಾವ ದಿನ. ತಿಂಗಳಿಗೊಮ್ಮೆ ಪ್ರಶ್ನೋತ್ತರ ಕಲಾಪ ಇಡಿ. ಮಂತ್ರಿ ಉತ್ತರ ಕೊಡಲೇಬೇಕು, ನಡಾವಳಿ ಬರೆಯಲೇಬೇಕು. ಕೆಲಸ ಮಾಡದ ಮಂತ್ರಿಯ ಮೇಲೆ ಅವಿಶ್ವಾಸ ನಿರ್ಣಯಕ್ಕೂ ಅವಕಾಶವಿರಲಿ. ಮುಖ್ಯಶಿಕ್ಷಕರು ಮಕ್ಕಳ ತೀರ್ಮಾನ ಒಪ್ಪದಿದ್ದರೆ ಕಾರಣವನ್ನು ಬರವಣಿಗೆಯಲ್ಲಿ ಕೊಡಬೇಕು. ಈ ಕೊನೆಯ ನಿಯಮಕ್ಕೆ ಸಿಬ್ಬಂದಿ ಕೋಣೆಯಲ್ಲಿ ಎಷ್ಟು ವಿರೋಧ ಬರುತ್ತದೆ ನೋಡಿ. ಯಾರಿಗೆ ಪ್ರಜಾಪ್ರಭುತ್ವದ ಪಾಠ ಇನ್ನೂ ಬಾಕಿ ಎಂಬುದು ತಿಳಿಯುತ್ತದೆ.

ಮಕ್ಕಳ ಗ್ರಾಮಸಭೆಯಿಂದ ಏನಾದರೂ ಉಪಯೋಗವಿದೆಯೇ?

ಇದೆ, ಮಕ್ಕಳಿಗೆ ಮಾತಾಡಲು ನಾವು ಬಿಟ್ಟರೆ. ನಮ್ಮಲ್ಲಿ ಇದಕ್ಕೆ ಇತಿಹಾಸವೂ ಇದೆ. 1990ರ ದಶಕದಲ್ಲಿ ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ಭೀಮ ಸಂಘದ ದುಡಿಯುವ ಮಕ್ಕಳು ಮಕ್ಕಳ ಪಂಚಾಯಿತಿ ಕಟ್ಟಿ ತಮ್ಮ ಸಮಸ್ಯೆಗಳನ್ನು ದೊಡ್ಡವರ ಪಂಚಾಯಿತಿಯ ಮುಂದಿಟ್ಟರು. ಇಂದು ಪ್ರತಿ ಗ್ರಾಮ ಪಂಚಾಯಿತಿಯೂ ವರ್ಷಕ್ಕೊಮ್ಮೆ, ಸಾಮಾನ್ಯವಾಗಿ ಮಕ್ಕಳ ದಿನಾಚರಣೆಯ ಆಸುಪಾಸಿನಲ್ಲಿ, ಮಕ್ಕಳ ಗ್ರಾಮಸಭೆ ನಡೆಸಬೇಕೆಂಬ ಸರ್ಕಾರದ ಸೂಚನೆ ಇದೆ.

ನಡೆಯುವುದು ಹೇಗೆ? ಶಾಮಿಯಾನ, ದೀಪ ಬೆಳಗುವುದು, ಗಣ್ಯರ ಭಾಷಣ, ಕೊನೆಗೆ ಉಳಿದ ಕಾಲು ಗಂಟೆಯಲ್ಲಿ ಶಿಕ್ಷಕರು ಬರೆದುಕೊಟ್ಟ ಚೀಟಿಯನ್ನು ನಾಲ್ಕು ಮಕ್ಕಳು ಓದುವುದು. ಕಾಂಪೌಂಡ್ ಬೇಕು, ಶೌಚಾಲಯಕ್ಕೆ ನೀರು ಬೇಕು, ಶಾಲೆ ಮುಂದಿನ ಸಾರಾಯಿ ಅಂಗಡಿ ತೆಗೆಸಿ. ಬೇಡಿಕೆ ಸರಿಯಾಗಿಯೇ ಇವೆ, ಆದರೆ ಮುಂದಿನ ವರ್ಷವೂ ಅದೇ ಚೀಟಿ. ಹೀಗಾಗದಂತೆ ಒಂದು ಉಪಾಯವಿದೆ. ಸಭೆಗೆ ಹದಿನೈದು ದಿನ ಮೊದಲು ಮಕ್ಕಳು ಪಂಚಾಯಿತಿಗೆ ಹೋಗಿ ಕಳೆದ ವರ್ಷದ ಸಭೆಯ ನಡಾವಳಿ ಕೇಳಲಿ. ಯಾವ ಬೇಡಿಕೆ ಈಡೇರಿತು, ಯಾವುದಿಲ್ಲ, ಯಾಕಿಲ್ಲ ಎಂಬುದೇ ಈ ವರ್ಷದ ಮೊದಲ ಪ್ರಶ್ನೆಯಾಗಲಿ. ಪಂಚಾಯಿತಿಯ ವ್ಯಾಪ್ತಿಗೆ ಬಾರದ ಬೇಡಿಕೆಯನ್ನು (ಬಸ್ಸು, ವಿದ್ಯುತ್ ಲೈನು) ಬೇರೆ ಕಾಗದದಲ್ಲಿ ಬರೆಸಿ, ಯಾವ ಇಲಾಖೆಗೆ ಹೋಗಬೇಕೆಂದು ಮಕ್ಕಳೇ ಕಂಡುಹಿಡಿಯಲಿ. ನನ್ನನ್ನು ಕೇಳಿದರೆ ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ, ಸಮವರ್ತಿ ಪಟ್ಟಿ ಅರ್ಥವಾಗಲು ಇದಕ್ಕಿಂತ ಒಳ್ಳೆಯ ದಾರಿಯಿಲ್ಲ.

ವಿವಾದದ ವಿಷಯ ಬಂದರೆ? ನಾನು ಸರ್ಕಾರಿ ನೌಕರ, ವಿಡಿಯೊ ಮಾಡಿ ಹಾಕಿದರೆ ನನ್ನ ಗತಿ?

ಭಯ ಸುಳ್ಳಲ್ಲ. ನಡತೆ ನಿಯಮಗಳು ಪಕ್ಷ ರಾಜಕೀಯದಿಂದ ದೂರವಿರಿ ಎನ್ನುತ್ತವೆ, ಅದು ಸರಿ ಕೂಡ. ಆದರೆ ಕೋರ್ಟಿನ ತೀರ್ಪನ್ನು ಪಾಠ ಹೇಳುವುದು ಪಕ್ಷ ರಾಜಕೀಯವಲ್ಲ. ನಿಮ್ಮ ಅಭಿಪ್ರಾಯದ ಬದಲು ತೀರ್ಪಿನ ಕಾಗದ ಕೈಯಲ್ಲಿದ್ದರೆ ಕಾಲು ಗಟ್ಟಿ ನೆಲದ ಮೇಲಿರುತ್ತದೆ.

ಆರಂಭಕ್ಕೆ ಸ್ವಲ್ಪ ದೂರದ, ಹಳೆಯ ಪ್ರಕರಣ ಒಳ್ಳೆಯದು. ನಾನು ಸೂಚಿಸುವುದು 1986ರ ಬಿಜೋ ಇಮ್ಯಾನುಯೆಲ್ ಪ್ರಕರಣ. ಕೇರಳದ ಒಂದು ಶಾಲೆಯಲ್ಲಿ ಯೆಹೋವನ ಸಾಕ್ಷಿಗಳೆಂಬ ಪಂಥದ ಮೂವರು ಮಕ್ಕಳು ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಹೈಕೋರ್ಟಿನಲ್ಲಿ ಸೋತರು, ಸುಪ್ರೀಂ ಕೋರ್ಟಿನಲ್ಲಿ ಗೆದ್ದರು: ಗೌರವದಿಂದ ನಿಂತಿದ್ದಾರೆ, ಮನಸ್ಸಾಕ್ಷಿಯ ಕಾರಣಕ್ಕೆ ಹಾಡಿಲ್ಲ, ಹಾಡಲೇಬೇಕೆಂಬ ಕಾನೂನಿಲ್ಲ. ತೀರ್ಪು ಹೇಳುವ ಮೊದಲು ತರಗತಿಯನ್ನು ಎರಡು ಗುಂಪು ಮಾಡಿ ವಾದ ಮಾಡಿಸಿ. ಬಹುಪಾಲು ಮಕ್ಕಳು ಮೊದಲಿಗೆ ಹೊರಹಾಕಿದ್ದೇ ಸರಿ ಎನ್ನುತ್ತಾರೆ. ಆಮೇಲೆ ಗುಂಪು ಅದಲುಬದಲು ಮಾಡಿ, ಎದುರಿನವರ ಪರ ವಾದಿಸಲು ಹೇಳಿ. ಆ ಅರ್ಧ ಗಂಟೆಯಲ್ಲಿ 19 ಮತ್ತು 25ನೇ ವಿಧಿ (ಮಾತಿನ ಸ್ವಾತಂತ್ರ್ಯ, ಧರ್ಮದ ಸ್ವಾತಂತ್ರ್ಯ) ಬಾಯಿಪಾಠವಿಲ್ಲದೆ ತಲೆಗೆ ಹೋಗುತ್ತವೆ.

ಇನ್ನು ನಮ್ಮದೇ ರಾಜ್ಯದ ಹಿಜಾಬ್ ಪ್ರಕರಣ. 2022ರ ಮಾರ್ಚ್ 15ರಂದು ಹೈಕೋರ್ಟ್ ಸಮವಸ್ತ್ರದ ಬಗೆಗಿನ ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಹೇಮಂತ್ ಗುಪ್ತ ಮೇಲ್ಮನವಿಗಳನ್ನು ತಳ್ಳಿಹಾಕಿದರು, ನ್ಯಾಯಮೂರ್ತಿ ಸುಧಾಂಶು ಧುಲಿಯಾ ಪುರಸ್ಕರಿಸಿದರು. ಒಂದೇ ಪೀಠ, ಅದೇ ಕಡತ, ಅದೇ ಸಂವಿಧಾನ, ಎರಡು ಉತ್ತರ. 'ಸರಿಯಾದ ಉತ್ತರಕ್ಕೆ ಗುರುತು ಹಾಕಿ' ಎಂದು ಬೆಳೆದ ಮಕ್ಕಳಿಗೆ ಇದನ್ನು ತೋರಿಸುವುದೇ ದೊಡ್ಡ ಪಾಠ. ಆದರೆ ಒಂದು ಎಚ್ಚರಿಕೆ: ತರಗತಿಯಲ್ಲಿರುವ ಮುಸ್ಲಿಂ ಹುಡುಗಿಯನ್ನು ಎಬ್ಬಿಸಿ 'ನೀನೇನಂತೀಯಮ್ಮ' ಎನ್ನಬೇಡಿ. ಅವಳೂ ಎಲ್ಲರ ಹಾಗೆ ವಿದ್ಯಾರ್ಥಿ, ಯಾವ ಸಮುದಾಯದ ವಕ್ತಾರಳೂ ಅಲ್ಲ. ಊರಿನಲ್ಲಿ ಬಿಸಿ ಇನ್ನೂ ಆರಿಲ್ಲವಾದರೆ ಆ ವರ್ಷ ಈ ಪ್ರಕರಣ ಬಿಟ್ಟುಬಿಡಿ, ಅದು ಹೇಡಿತನವಲ್ಲ.

ಜಾತಿಯ ಬಗ್ಗೆ ಹೇಗೆ ಮಾತಾಡಲಿ?

17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ ಎಂದು ಬರೆಸುವುದು ಸುಲಭ. ಅದನ್ನು ಬರೆದುಕೊಂಡ ಮಗು ಬಿಸಿಯೂಟಕ್ಕೆ ಯಾರ ಪಕ್ಕ ಕೂರುತ್ತದೆ, ಅಡುಗೆಯವರು ಬದಲಾದರೆ ಮನೆಯಿಂದ ಬುತ್ತಿ ತರುತ್ತದೆಯೇ, ಶೌಚಾಲಯ ತೊಳೆಯಲು ನಾವು ಪ್ರತಿ ಸಲ ಯಾವ ಮಕ್ಕಳ ಹೆಸರು ಕೂಗುತ್ತೇವೆ ಎಂಬುದು ಕಷ್ಟದ ಭಾಗ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಮಲಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ತಲೆತಗ್ಗಿಸಿತು. ಅಂಥ ಶಾಲೆಯ ಗೋಡೆಯ ಮೇಲೂ ಸಂವಿಧಾನದ ಪೀಠಿಕೆ ಇದ್ದಿರಬಹುದು.

ಹಾಗಾಗಿ ಮೊದಲು ಶಾಲೆಯ ಪಟ್ಟಿಗಳನ್ನು ನೋಡಿ. ಸ್ವಚ್ಛತೆ, ನೀರು, ಸ್ವಾಗತ ಗೀತೆ, ಧ್ವಜ ಹಿಡಿಯುವುದು, ಅತಿಥಿಗೆ ಹಾರ ಹಾಕುವುದು, ಯಾವುದಕ್ಕೆ ಯಾರ ಹೆಸರಿದೆ? ಸರದಿ ಸರಿಮಾಡಿದ ಮೇಲೆ ಪಾಠಕ್ಕೆ ಬನ್ನಿ. ವಿದ್ಯಾರ್ಥಿವೇತನದ ಪಟ್ಟಿಯನ್ನು ತರಗತಿಯಲ್ಲಿ ಜಾತಿವಾರು ಗಟ್ಟಿಯಾಗಿ ಓದುವ ಅಭ್ಯಾಸ ಎಲ್ಲಿದ್ದರೂ ಇಂದೇ ನಿಲ್ಲಬೇಕು.

ಪೀಠಿಕೆಯನ್ನು ದಿನಾ ಓದಿಸುತ್ತೇವೆ. ಪ್ರಯೋಜನವಾಗುತ್ತಿದೆಯೇ?

2023ರ ಸೆಪ್ಟೆಂಬರ್ 15ರಂದು ರಾಜ್ಯದಾದ್ಯಂತ ಸಾಮೂಹಿಕ ಓದು ನಡೆಯಿತು, ಮರುವರ್ಷ ಅದೇ ದಿನ ಬೀದರ್‌ನಿಂದ ಚಾಮರಾಜನಗರದವರೆಗೆ ಮಾನವ ಸರಪಳಿ. ಓದು ಒಳ್ಳೆಯದೇ. ಆದರೆ 'ಭ್ರಾತೃತ್ವ' ಎಂದು ಗಟ್ಟಿಯಾಗಿ ಹೇಳಿದ ಮಗುವಿಗೆ ಅದರ ಅರ್ಥ ಕೇಳಿದರೆ ಪಕ್ಕದವನ ಮುಖ ನೋಡುತ್ತದೆ. ವಾರಕ್ಕೆ ಒಂದು ಪದ, ಒಂದು ಪ್ರಸಂಗ, ಐದೇ ನಿಮಿಷ. ಅಷ್ಟಾದರೆ ಸಾಕು.

ಮೊದಲು ಕರ್ತವ್ಯ ಕಲಿಸಬೇಕಲ್ಲವೇ? ಹಕ್ಕು ಆಮೇಲೆ ಸಾಕು ಎನ್ನುತ್ತಾರೆ ನಮ್ಮ ಎಸ್‌ಡಿಎಂಸಿ (ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು.

ಮೂಲ ಸಂವಿಧಾನದಲ್ಲಿ ಮೂಲಭೂತ ಕರ್ತವ್ಯಗಳ ಭಾಗವೇ ಇರಲಿಲ್ಲ. 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿಯಿಂದ ಹತ್ತು ಬಂದವು. ಹನ್ನೊಂದನೆಯದು 2002ರಲ್ಲಿ ಬಂತು, ಅದು ಪೋಷಕರ ಕರ್ತವ್ಯ: 6ರಿಂದ 14 ವರ್ಷದ ಮಕ್ಕಳಿಗೆ ಶಿಕ್ಷಣದ ಅವಕಾಶ ಕೊಡುವುದು. ಅಧ್ಯಕ್ಷರಿಗೆ ಇದನ್ನು ತಿಳಿಸಿ. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದೂ ಅದೇ ಪಟ್ಟಿಯಲ್ಲಿದೆ ಎನ್ನುವುದನ್ನೂ ಸೇರಿಸಿ.

ಸಂವಿಧಾನ ಎಂದರೆ ದೆಹಲಿಯ ವಿಷಯ ಎಂದುಕೊಳ್ಳುತ್ತಾರೆ ಮಕ್ಕಳು.

ಯಾಕೆಂದರೆ ನಾವು ಹೇಳುವ ಉದಾಹರಣೆಗಳೆಲ್ಲ ದೆಹಲಿಯವೇ. ನಮ್ಮ ನೆಲದಲ್ಲಿ ಬೇಕಾದಷ್ಟಿದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾಯರು ಮಂಗಳೂರಿನವರು. ಕರಡು ಸಮಿತಿಯಲ್ಲಿದ್ದ ಎನ್. ಮಾಧವರಾಯರು ಮೈಸೂರಿನ ದಿವಾನರಾಗಿದ್ದವರು. ಮೈಸೂರು ಪ್ರಜಾಪ್ರತಿನಿಧಿ ಸಭೆ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲೇ ಸೇರಿತ್ತು.

ರಾಷ್ಟ್ರಪತಿ ಆಳ್ವಿಕೆಯ ಪಾಠಕ್ಕೆ ಬೊಮ್ಮಾಯಿ ಪ್ರಕರಣವಿದೆ. 1989ರ ಏಪ್ರಿಲ್‌ನಲ್ಲಿ ಎಸ್.ಆರ್. ಬೊಮ್ಮಾಯಿ ಸರ್ಕಾರಕ್ಕೆ ಸದನದಲ್ಲಿ ಬಹುಮತ ತೋರಿಸಲು ಬಿಡದೆ ವಜಾ ಮಾಡಿದರು. 1994ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಲೆಕ್ಕ ಹಾಕುವ ಜಾಗ ರಾಜಭವನವಲ್ಲ, ಸದನ ಎಂದಿತು. ಇಡೀ ದೇಶದ ರಾಜ್ಯ ಸರ್ಕಾರಗಳಿಗೆ ಇಂದಿಗೂ ಆ ತೀರ್ಪೇ ರಕ್ಷಣೆ.

ಶಿಕ್ಷಣದ ಹಕ್ಕಿನ ಕಥೆಯಂತೂ ನಮ್ಮ ತುಮಕೂರಿನಿಂದಲೇ ಶುರುವಾಗುತ್ತದೆ. ಅಲ್ಲಿನ ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಹೊರರಾಜ್ಯದವರಿಗೆ 60,000. ಮೀರತ್‌ನ ಮೋಹಿನಿ ಜೈನ್ ಕೋರ್ಟಿಗೆ ಹೋದರು. 1992ರಲ್ಲಿ ಸುಪ್ರೀಂ ಕೋರ್ಟ್ ಶಿಕ್ಷಣದ ಹಕ್ಕು ಬದುಕುವ ಹಕ್ಕಿನಿಂದಲೇ ಹುಟ್ಟುತ್ತದೆ ಎಂದಿತು. ಮರುವರ್ಷದ ಉಣ್ಣಿಕೃಷ್ಣನ್ ತೀರ್ಪು ಅದನ್ನು 14 ವರ್ಷದವರೆಗೆ ಎಂದು ಮಿತಗೊಳಿಸಿತು. 2002ರಲ್ಲಿ 21ಎ ವಿಧಿ, 2009ರಲ್ಲಿ ಕಾಯ್ದೆ, 2010ರ ಏಪ್ರಿಲ್ 1ರಿಂದ ಜಾರಿ. ನಮ್ಮ ತರಗತಿಯಲ್ಲಿ ಕೂತಿರುವ ಎಷ್ಟೋ ಮಕ್ಕಳು ಆ ಸರಪಳಿಯ ಕೊನೆಯ ಕೊಂಡಿ.

ಪಠ್ಯಪುಸ್ತಕವೇ ಪದೇ ಪದೇ ಬದಲಾಗುತ್ತದೆ. ಯಾವುದನ್ನು ನಂಬಲಿ?

2022ರಲ್ಲಿ ಒಂಬತ್ತನೇ ತರಗತಿಯ 'ನಮ್ಮ ಸಂವಿಧಾನ' ಪಾಠದಲ್ಲಿ ಅಂಬೇಡ್ಕರ್ ಅವರಿಗಿದ್ದ 'ಸಂವಿಧಾನ ಶಿಲ್ಪಿ' ಎಂಬ ಮಾತು ಬಿಟ್ಟುಹೋಗಿ, ಗದ್ದಲವಾದ ಮೇಲೆ ಮರಳಿ ಬಂತು. 2023ರಲ್ಲಿ ಸರ್ಕಾರ ಬದಲಾದಾಗ ಮತ್ತೆ ಕೆಲವು ಪಾಠಗಳು ಹೋದವು, ಕೆಲವು ಬಂದವು. ಪುಸ್ತಕ ಯಾರದ್ದಾದರೂ ಇರಲಿ, ಸಂವಿಧಾನದ ಕನ್ನಡ ಪ್ರತಿಯೊಂದು ಮೇಜಿನ ಮೇಲಿರಲಿ. ಹಳೆಯ ಗೈಡುಗಳ ಬಗ್ಗೆಯೂ ಎಚ್ಚರ: ವಿಧಾನಸಭೆಯ ಬಲ 225 ಎಂದು ಈಗಲೂ ಬರೆಸುವವರಿದ್ದಾರೆ. ಆಂಗ್ಲೋ ಇಂಡಿಯನ್ ನಾಮನಿರ್ದೇಶನ 2020ರ ಜನವರಿಯಲ್ಲೇ ನಿಂತಿತು, ಈಗ 224.

ನಮಗೆ ಸಮಯವೇ ಇಲ್ಲ. ಬಿಎಲ್‌ಒ (ಮತಗಟ್ಟೆ ಮಟ್ಟದ ಅಧಿಕಾರಿ) ಕೆಲಸ, ಸಮೀಕ್ಷೆ, ತರಬೇತಿ...

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಆ ಮೂರೇ ಸಾಕಷ್ಟು ದೊಡ್ಡವು ಎಂಬುದು ಬೇರೆ ಮಾತು. ಬಿಎಲ್‌ಒ ಚೀಲವನ್ನು ತರಗತಿಗೆ ತನ್ನಿ: ಮತದಾರರ ಪಟ್ಟಿಗೆ ಹೆಸರು ಸೇರಿಸುವ ನಮೂನೆ 6 ತೋರಿಸಿ, 17 ತುಂಬಿದವರು ಮುಂಗಡವಾಗಿ ಅರ್ಜಿ ಹಾಕಬಹುದೆಂದು ತಿಳಿಸಿ.

ಅಂಕ ಕೊಡುವುದು ಹೇಗೆ?

ಸ್ಟೇಷನರಿ ಅಂಗಡಿಯಿಂದ ತಂದ ಚಾರ್ಟಿಗೆ ಅಂಕ ಕೊಡಬೇಡಿ. ಆಂತರಿಕ 20 ಅಂಕಗಳಲ್ಲಿ ಒಂದು ಪಾಲನ್ನು ಮಗು ತಾನೇ ಹೋಗಿ ಕೇಳಿ ತಿಳಿದು ಬರೆದದ್ದಕ್ಕೆ ಇಡಿ. 'ಅಜ್ಜಿಯ ಪಿಂಚಣಿ ಮೂರು ತಿಂಗಳಿಂದ ಬಂದಿಲ್ಲ. ಯಾವ ಕಚೇರಿಗೆ, ಏನೆಂದು ಅರ್ಜಿ ಬರೆಯುವಿರಿ?' ಎಂಬ ಪ್ರಶ್ನೆಗೆ ಗೈಡಿನಲ್ಲಿ ಉತ್ತರವಿರುವುದಿಲ್ಲ.

ಪೋಷಕರಾಗಿ ನಾವೇನು ಮಾಡಬಹುದು?

ಗ್ರಾಮಸಭೆಗೆ, ನಾಡಕಚೇರಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ. ಸಕಾಲದ (ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡುವ ವ್ಯವಸ್ಥೆ) ರಸೀದಿಯಲ್ಲಿ ಎಷ್ಟು ದಿನದ ಗಡುವಿದೆ ಎಂದು ಅದೇ ಓದಿ ಹೇಳಲಿ. ಚುನಾವಣೆಯ ಹೊತ್ತಿಗೆ ಮನೆಗೆ ಬಂದ ಕವರನ್ನು ಏನು ಮಾಡಿದಿರಿ ಎಂಬುದನ್ನೂ ಮಗು ನೋಡುತ್ತಿರುತ್ತದೆ.

ಮಕ್ಕಳ ಕೈಲಿ ಮಾಹಿತಿ ಹಕ್ಕಿನ ಅರ್ಜಿ ಹಾಕಿಸಬಹುದೇ?

2005ರ ಕಾಯ್ದೆ ಎಲ್ಲ ನಾಗರಿಕರಿಗೂ ಮಾಹಿತಿಯ ಹಕ್ಕಿದೆ ಎನ್ನುತ್ತದೆ, ವಯಸ್ಸು ಕೇಳುವುದಿಲ್ಲ. ಆದರೂ ಸಣ್ಣ ಊರಿನಲ್ಲಿ ಮಗುವಿನ ಹೆಸರು ಮುಂದೆ ಮಾಡುವುದು ನನಗೆ ಇಷ್ಟವಿಲ್ಲ. ತರಗತಿಯಲ್ಲಿ ಎಲ್ಲರೂ ಸೇರಿ ಕರಡು ಬರೆಯಲಿ, ಒಪ್ಪುವ ಪೋಷಕರೊಬ್ಬರ ಹೆಸರಿನಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಸಲ್ಲಿಸಲಿ. ಯಾರ ಮೇಲೂ ಆರೋಪವಿಲ್ಲದ ಸಣ್ಣ ವಿಷಯ ಆರಿಸಿ: ಶಾಲೆ ರಸ್ತೆಯ ದೀಪದ ನಿರ್ವಹಣೆಗೆ ಈ ವರ್ಷ ಎಷ್ಟು ಹಣ ಇಟ್ಟಿದ್ದಾರೆ, ಅಷ್ಟೇ. 30 ದಿನದ ಗಡುವನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟು ದಿನಾ ಒಂದೊಂದು ಅಳಿಸಿ. ಉತ್ತರ ಬಾರದೆ ಇರುವ ಸಾಧ್ಯತೆಯೂ ಇದೆ, ಆದ್ದರಿಂದ ಮೊದಲ ಮೇಲ್ಮನವಿಯ ಕರಡನ್ನೂ ಆಗಲೇ ಬರೆಸಿಟ್ಟುಕೊಳ್ಳಿ.